ಮೈಕ್ ಜಾಸ್ತಿ ಹಾಕಿದರೆ ದಿಕ್ಕು ಸರಿಯಾಗಿ ಸಿಗುತ್ತಾ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಮಾತಾಡುವವರು ಯಾವ ದಿಕ್ಕಿನಲ್ಲಿದ್ದಾರೆ ಎಂದು 8 ಮೈಕ್‌ಗಳ ಸಾಲಿನಿಂದ ಹೇಳುವುದು ನಮ್ಮ ಪ್ರಾಜೆಕ್ಟ್. ಮೈಕ್‌ನಿಂದ ಮೈಕ್‌ಗೆ 4 ಸೆಂ.ಮೀ. ಅಂತರವಿದೆ. ಎಲ್ಲ ಚಾನೆಲ್ ಒಂದೇ ಬೋರ್ಡ್‌ನಲ್ಲಿ ಒಟ್ಟಿಗೆ ರೆಕಾರ್ಡ್ ಆಗುತ್ತವೆ. ದಿಕ್ಕು ಅಂದಾಜು ಮಾಡುವ ಮ್ಯೂಸಿಕ್ (MUSIC) ಎಂಬ ಅಲ್ಗಾರಿದಮ್ ಬಳಸಿದ್ದೇವೆ; ದನಿ ಬಂದ ದಿಕ್ಕಿನಲ್ಲಿ ಅದರ ಗ್ರಾಫ್ ಒಂದು ಶಿಖರ ತೋರಿಸುತ್ತದೆ. ಸಿಮ್ಯುಲೇಶನ್‌ನಲ್ಲಿ ಅರ್ಧ ಅಲೆಯುದ್ದದ ಅಂತರ, 10 ಡಿಬಿ ಎಸ್‌ಎನ್‌ಆರ್ (ನಾಯ್ಸ್‌ಗೆ ಹೋಲಿಸಿದರೆ ದನಿಯ ಶಕ್ತಿ), 200 ಸ್ನ್ಯಾಪ್‌ಶಾಟ್ (ಎಲ್ಲ ಮೈಕ್‌ಗಳಿಂದ ಒಟ್ಟಿಗೆ ತೆಗೆದ ಮಾದರಿ) ಇಟ್ಟರೆ ತಪ್ಪು 0.1 ಡಿಗ್ರಿಯೂ ಇಲ್ಲ. ಲ್ಯಾಬಿನಲ್ಲಿ 500ರಿಂದ 1500 ಹರ್ಟ್ಸ್ ನಡುವಿನ ಮಾತನ್ನು ಕೊಟ್ಟರೆ 5–6 ಡಿಗ್ರಿ ತಪ್ಪು ಬರುತ್ತದೆ. 20 ಡಿಗ್ರಿ ಅಂತರದಲ್ಲಿ ಇಬ್ಬರು ಕೂತರೆ ಒಂದೇ ಶಿಖರ ಕಾಣುತ್ತದೆ. ನಮ್ಮ ಗೈಡ್ 16 ಮೈಕ್ ಹಾಕಿ ನೋಡಿ ಎನ್ನುತ್ತಾರೆ. ಹಾಕಿದರೆ ಸರಿಹೋಗುತ್ತದೆಯೇ? ಕ್ರಾಮೆರ್-ರಾವ್ ಬೌಂಡ್ ಪ್ರಕಾರ ಇದಕ್ಕಿಂತ ಎಷ್ಟೋ ಚೆನ್ನಾಗಿ ಬರಬೇಕಿತ್ತಲ್ಲ?

ಉತ್ತರ: ಮೈಕ್ ಕೊಳ್ಳೋದು ಸದ್ಯಕ್ಕೆ ಬೇಡ. ಮೊದಲು ಇರುವ ಸಾಮಾನಿನಲ್ಲೇ ಒಂದು ಪರೀಕ್ಷೆ ಮಾಡಿ. ಒಬ್ಬರನ್ನು ಒಂದೇ ಜಾಗದಲ್ಲಿ ಕೂರಿಸಿ, ಅಲುಗಾಡದಂತೆ ನೋಡಿಕೊಂಡು, 20 ಸಲ ರೆಕಾರ್ಡ್ ಮಾಡಿ. ಪ್ರತಿ ಸಲದ ಕೋನವನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಎರಡು ಅಂಕಿ ತೆಗೆಯಿರಿ: 20 ಕೋನಗಳ ಸರಾಸರಿ ನಿಜವಾದ ಕೋನದಿಂದ ಎಷ್ಟು ದೂರ ಇದೆ, ಮತ್ತು ಆ 20 ಕೋನಗಳು ತಮ್ಮತಮ್ಮಲ್ಲೇ ಎಷ್ಟು ಚದುರಿವೆ.

ಇವೆರಡೂ ಬೇರೆ ಬೇರೆ ಕಾಯಿಲೆ. ನೀವು ಹೇಳುವ ಬೌಂಡ್ ಎರಡನೆಯದರ ಬಗ್ಗೆ ಮಾತ್ರ ಮಾತಾಡುತ್ತದೆ. ಸರಾಸರಿ ಸರಿಯಾಗಿರುವ ಅಂದಾಜು ಕೊನೇಪಕ್ಷ ಎಷ್ಟು ಚದುರಲೇಬೇಕು ಅನ್ನೋದಷ್ಟೇ ಅದರ ವಿಷಯ. ಸರಾಸರಿಯೇ 5 ಡಿಗ್ರಿ ಪಕ್ಕಕ್ಕೆ ಕೂತಿದ್ದರೆ ಬೌಂಡ್‌ಗೆ ಅದರ ಸುದ್ದಿಯೇ ಇಲ್ಲ.

ಈ ಬೌಂಡ್‌ನ ಅರ್ಧ ಹೆಸರು ನಮ್ಮ ಕಡೆಯದು. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯಲ್ಲಿ. ತೆಲುಗು ಮನೆತನದವರು. 1940ರ ದಶಕದಲ್ಲಿ ಕಲ್ಕತ್ತಾದಲ್ಲಿ ಪಾಠ ಮಾಡುತ್ತಿದ್ದರು. ಚದುರುವಿಕೆಯ ಮಿತಿಯ ಬಗ್ಗೆ ಸಂಖ್ಯಾಶಾಸ್ತ್ರಜ್ಞ ಫಿಶರ್ ಅವರ ಫಲಿತಾಂಶ ದೊಡ್ಡ ಸ್ಯಾಂಪಲ್‌ಗೆ ಸರಿ, ಸಣ್ಣ ಸ್ಯಾಂಪಲ್‌ಗೂ ಹೀಗೇ ಒಂದು ಮಿತಿ ತೋರಿಸಬಹುದಾ ಎಂದು ಕ್ಲಾಸಿನಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದರಂತೆ. ಕೇಳಿದವರು ವಿ.ಎಂ. ದಾಂಡೇಕರ್, ಮುಂದೆ ಹೆಸರಾಂತ ಅರ್ಥಶಾಸ್ತ್ರಜ್ಞರಾದವರು. ರಾವ್ ಆ ರಾತ್ರಿ ಕೂತು ಲೆಕ್ಕ ಮಾಡಿ ಮರುದಿನ ಉತ್ತರ ತಂದರು. 1945ರಲ್ಲಿ ಅದು ಪ್ರಕಟವಾಯಿತು. ಸ್ವೀಡನ್ನಿನ ಕ್ರಾಮೆರ್ ತಾವೇ ಬೇರೆಯಾಗಿ ಅದನ್ನು ಕಂಡುಕೊಂಡು 1946ರಲ್ಲಿ ಪ್ರಕಟಿಸಿದರು. ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ ಹುಟ್ಟಿದ್ದು, ಈಗ ಇನ್ನೊಬ್ಬ ವಿದ್ಯಾರ್ಥಿನಿಯ ಪ್ರಶ್ನೆಗೆ ಬಂದು ನಿಂತಿದೆ.

ಈಗ ನಿಮ್ಮ ಅಂಕಿಗಳನ್ನೇ ಹಾಕೋಣ. ಸಮಾನ ಅಂತರದ ಸಾಲು, ಒಂದೇ ಮೂಲ. ಪಕ್ಕಪಕ್ಕದ ಎರಡು ಮೈಕ್‌ಗಳ ನಡುವಿನ ಫೇಸ್ ವ್ಯತ್ಯಾಸವನ್ನು (ಒಂದೇ ಅಲೆ ಎರಡಕ್ಕೂ ಎಷ್ಟು ಹಿಂದುಮುಂದಾಗಿ ತಲುಪುತ್ತದೆ ಅನ್ನುವುದನ್ನು) ಅಂದಾಜು ಮಾಡುವಾಗ ಬೌಂಡ್ ಹೀಗಿರುತ್ತದೆ: 6 ಅನ್ನು ಸ್ನ್ಯಾಪ್‌ಶಾಟ್ ಸಂಖ್ಯೆ, ಎಸ್‌ಎನ್‌ಆರ್ ಮತ್ತು ಮೈಕ್ ಸಂಖ್ಯೆಯ ಘನ, ಈ ಮೂರರ ಗುಣಲಬ್ಧದಿಂದ ಭಾಗಿಸಿ. ಸರಿಯಾಗಿ ಹೇಳಬೇಕಂದರೆ ಘನದಲ್ಲಿ ಮೈಕ್ ಸಂಖ್ಯೆಯನ್ನು ಒಂದು ಸಲ ಕಳೆಯಬೇಕು. 8 ಮೈಕ್‌ಗೆ ಅದು 512 ಕಳೆ 8, ಅಂದರೆ 504. 10 ಡಿಬಿ ಅಂದರೆ 10 ಪಟ್ಟು. 6 ಭಾಗಿಸು 200 × 10 × 504. ಇದು ವೇರಿಯನ್ಸ್, ಅಂದರೆ ಚದುರುವಿಕೆಯ ವರ್ಗ. ವರ್ಗಮೂಲ ತೆಗೆದರೆ ಸುಮಾರು 0.0024 ರೇಡಿಯನ್. ಅರ್ಧ ಅಲೆಯ ಅಂತರದಲ್ಲಿ, ಸಾಲಿನ ನೇರ ಮುಂದೆ ಕೂತವರಿಗೆ, ಇದು 0.045 ಡಿಗ್ರಿ ಆಗುತ್ತದೆ. ನಿಮ್ಮ ಸಿಮ್ಯುಲೇಶನ್ ಸರಿಯಾಗೇ ಇದೆ.

ಲ್ಯಾಬಿನ ತಪ್ಪು ಇದರ ನೂರು ಪಟ್ಟಿಗಿಂತ ಜಾಸ್ತಿ. ಅರ್ಧ ಅಲೆಯ ಅಂತರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ನಾಯ್ಸ್‌ನಿಂದ ಬರಬೇಕಾದರೆ ಎಸ್‌ಎನ್‌ಆರ್ 40 ಡಿಬಿ ಕುಸಿದಿರಬೇಕು. ಅಷ್ಟು ಕುಸಿದಿದ್ದರೆ ನಿಮಗೆ 5 ಡಿಗ್ರಿಯ ತಪ್ಪು ಬರುತ್ತಿರಲಿಲ್ಲ. ಒಮ್ಮೆ ಎಡಕ್ಕೆ 70, ಒಮ್ಮೆ ಬಲಕ್ಕೆ 30 ಅಂತ ಬಾಯಿಗೆ ಬಂದ ಕೋನ ಹೇಳುತ್ತಿತ್ತು. ಇದಕ್ಕೆ ಹೊಸ್ತಿಲು ಅನ್ನೋಣ. ಎಸ್‌ಎನ್‌ಆರ್ ಒಂದು ಹೊಸ್ತಿಲಿನ ಮೇಲಿರುವಷ್ಟು ಹೊತ್ತು ತಪ್ಪು ಬೌಂಡ್‌ನ ಹಿಂದೆಯೇ ಮೆಲ್ಲಗೆ ಏರುತ್ತದೆ. ಕೆಳಗಿಳಿದ ತಕ್ಷಣ ದಿಢೀರನೆ ಜಿಗಿಯುತ್ತದೆ. ಯಾಕೆಂದರೆ ಆಗ ನಾಯ್ಸ್‌ನ ಯಾವುದೋ ಶಿಖರವೇ ನಿಜವಾದ ಶಿಖರಕ್ಕಿಂತ ಎತ್ತರ ಆಗಿಬಿಡುತ್ತದೆ. ನೀವು ಹೊಸ್ತಿಲಿನ ಮೇಲೇ ಇದ್ದೀರಿ. ಹಾಗಾದರೆ ತಪ್ಪು ಬೇರೆ ಎಲ್ಲಿಂದಲೋ ಬರುತ್ತಿದೆ.

ಎಲ್ಲಿಂದ? ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಸಿಮ್ಯುಲೇಶನ್‌ನಲ್ಲಿ ಅರ್ಧ ಅಲೆಯ ಅಂತರ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಅಂದುಕೊಂಡರೆ, 4 ಸೆಂ.ಮೀ. ಅರ್ಧ ಅಲೆ ಆಗುವುದು ಸುಮಾರು 4300 ಹರ್ಟ್ಸ್‌ನಲ್ಲಿ. ಲ್ಯಾಬಿನಲ್ಲಿ ನೀವು ಕೇಳಿಸಿಕೊಳ್ಳುತ್ತಿರುವುದು 1000 ಹರ್ಟ್ಸ್ ಆಸುಪಾಸು. ಅಲ್ಲಿ ಅಲೆಯ ಉದ್ದ 34 ಸೆಂ.ಮೀ. ನಿಮ್ಮ ಇಡೀ ಸಾಲು, ತುದಿಗಳ ಪಾಲು ಸೇರಿಸಿದರೂ, 32 ಸೆಂ.ಮೀ. ಅಂದರೆ ಸಾಲು ಒಂದು ಅಲೆಯಷ್ಟೂ ಉದ್ದ ಇಲ್ಲ!

ಸಾಲಿನ ಕಣ್ಣು ಎಷ್ಟು ಚುರುಕು ಅನ್ನುವುದನ್ನು ನಿರ್ಧರಿಸುವುದು ಅದರ ಉದ್ದ, ಅದೂ ಅಲೆಗಳ ಲೆಕ್ಕದಲ್ಲಿ. ಅಲೆಯ ಉದ್ದವನ್ನು ಸಾಲಿನ ಉದ್ದದಿಂದ ಭಾಗಿಸಿದರೆ ನೋಟದ ಅಗಲ, ಅಂದರೆ ಸಾಲಿಗೆ ಒಂದಾಗಿಯೇ ಕಾಣುವ ಕೋನದ ಹರವು, ರೇಡಿಯನ್‌ನಲ್ಲಿ ಸಿಗುತ್ತದೆ. 1000 ಹರ್ಟ್ಸ್‌ನಲ್ಲಿ ನಿಮ್ಮದು ಸುಮಾರು 60 ಡಿಗ್ರಿ. 4300 ಹರ್ಟ್ಸ್‌ನಲ್ಲಿ ಸುಮಾರು 14 ಡಿಗ್ರಿ. ಸಿಮ್ಯುಲೇಶನ್‌ನಲ್ಲಿ ನೀವು ಪರೀಕ್ಷಿಸಿದ್ದು ಒಂದು ಸಾಲು, ಲ್ಯಾಬಿಗೆ ಒಯ್ದದ್ದು ಇನ್ನೊಂದು.

ಹೋಲಿಕೆಗೆ ಗೌರಿಬಿದನೂರಿನ ಹಳೆಯ ರೇಡಿಯೋ ಟೆಲಿಸ್ಕೋಪ್ ನೋಡಿ. 34.5 ಮೆಗಾಹರ್ಟ್ಸ್‌ನದು. 1000 ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲಿ ನೆಟ್ಟಿದ್ದರು. ಅಲೆಯ ಉದ್ದ 8.7 ಮೀಟರ್. ಪೂರ್ವ-ಪಶ್ಚಿಮದ ತೋಳು 1.4 ಕಿ.ಮೀ. ಹತ್ತಿರಹತ್ತಿರ 160 ಅಲೆಯಷ್ಟು ಉದ್ದ. ಅದರ ನೋಟದ ಅಗಲ ಆ ದಿಕ್ಕಿನಲ್ಲಿ ಅರ್ಧ ಡಿಗ್ರಿಗಿಂತ ಕಡಿಮೆ, ಹುಣ್ಣಿಮೆ ಚಂದ್ರನಿಗಿಂತ ತುಸು ಸಣ್ಣದು. ಅಷ್ಟಕ್ಕೆ ಅವರಿಗೆ ಒಂದೂವರೆ ಕಿಲೋಮೀಟರ್ ಹೊಲ ಬೇಕಾಯಿತು. ನಿಮ್ಮ ಸಾಲು ಒಂದು ಅಡಿ ಸ್ಕೇಲಿನಷ್ಟು.

ಇನ್ನು ಇಬ್ಬರು ಒಬ್ಬರಾಗಿ ಕಾಣುವ ವಿಚಾರ. ಮ್ಯೂಸಿಕ್‌ನಂಥ ವಿಧಾನಗಳು ಈ ನೋಟದ ಅಗಲವನ್ನು ಮೀರಿ ಬಿಡಿಸಬಲ್ಲವು, ಅದಕ್ಕೇ ಅವಕ್ಕೆ ಅಷ್ಟು ಹೆಸರು. ಆದರೆ ಪುಕ್ಕಟೆ ಅಲ್ಲ. ಇಬ್ಬರ ನಡುವಿನ ಅಂತರ ಅರ್ಧ ಆದರೆ, ಅವರನ್ನು ಬಿಡಿಸಲು ಬೇಕಾದ ಎಸ್‌ಎನ್‌ಆರ್ 16 ಪಟ್ಟು ಆಗುತ್ತದೆ. ನಾಲ್ಕನೇ ಘಾತದ ಲೆಕ್ಕ ಅದು. ಸಿಮ್ಯುಲೇಶನ್‌ನಲ್ಲಿ 20 ಡಿಗ್ರಿ ಅಂದರೆ ನೋಟದ ಅಗಲಕ್ಕಿಂತ ಜಾಸ್ತಿ; ಯಾವ ಅಲ್ಗಾರಿದಮ್ ಕೊಟ್ಟರೂ ಬಿಡಿಸುತ್ತಿತ್ತು. 1000 ಹರ್ಟ್ಸ್‌ನಲ್ಲಿ ಅದೇ 20 ಡಿಗ್ರಿ ಅಗಲದ ಮೂರನೇ ಒಂದು ಪಾಲು. ಮೂರರ ನಾಲ್ಕನೇ ಘಾತ 81. ಹತ್ತಿರಹತ್ತಿರ 19 ಡಿಬಿ ಜಾಸ್ತಿ ಬೇಕು. ಇಲ್ಲವೇ ಅಷ್ಟು ಪಟ್ಟು ಸ್ನ್ಯಾಪ್‌ಶಾಟ್. ಅದೂ ಎಲ್ಲ ಮೈಕ್ ಅಚ್ಚುಕಟ್ಟಾಗಿ ಒಂದೇ ಥರ ಇದ್ದಾಗ ಮಾತ್ರ.

ಇದ್ದಾವಾ? ಇಲ್ಲ. ಯಾವ ಮೈಕೂ ಇನ್ನೊಂದರ ತದ್ರೂಪ ಅಲ್ಲ. ಒಂದೊಂದು ಮೈಕ್‌ನ ಫೇಸ್ 5 ಡಿಗ್ರಿಯಷ್ಟು ಅಡ್ಡಾದಿಡ್ಡಿ ಇದೆ ಅಂದುಕೊಳ್ಳಿ. 1000 ಹರ್ಟ್ಸ್‌ನಲ್ಲಿ ನಿಮ್ಮ ಸಾಲಿಗೆ ಇದರಿಂದಲೇ ಸುಮಾರು 1 ಡಿಗ್ರಿ ತಪ್ಪು ಬರುತ್ತದೆ. ಅದೇ ಫ್ರೀಕ್ವೆನ್ಸಿಯಲ್ಲಿ ನಾಯ್ಸ್‌ನಿಂದ ಬರುವುದು 0.2 ಡಿಗ್ರಿ ಮಾತ್ರ. ನಾಯ್ಸ್‌ನ ತಪ್ಪು ಹೊತ್ತು ಜಾಸ್ತಿ ರೆಕಾರ್ಡ್ ಮಾಡಿದರೆ ಕರಗುತ್ತದೆ. ಈ ತಪ್ಪು ಕರಗೋದಿಲ್ಲ. ಗಂಟೆಗಟ್ಟಲೆ ರೆಕಾರ್ಡ್ ಮಾಡಿ, ಗಂಟಲು ಕಿತ್ತುಹೋಗುವಂತೆ ಕೂಗಿ, ಅದು ಅಲ್ಲೇ ಕೂತಿರುತ್ತದೆ. ಬೌಂಡ್‌ನ ಸೂತ್ರದಲ್ಲಿ ಇದಕ್ಕೆ ಜಾಗವೇ ಇಲ್ಲ, ಯಾಕೆಂದರೆ ಸೂತ್ರ ಬರೆಯುವಾಗ ನಾವು ಎಲ್ಲ ಮೈಕ್ ಒಂದೇ ಅಂದುಕೊಂಡೇ ಶುರು ಮಾಡಿದ್ದು.

ಕೇಬಲ್ ಕ್ರಮವನ್ನೂ ನೋಡಿಬಿಡಿ. ವರ್ಷಗಳ ಹಿಂದೆ ನೀರಿನೊಳಗಿನ ಹೈಡ್ರೋಫೋನ್ ಸಾಲೊಂದರ ಮುಂದೆ ಎರಡು ದಿನ ತಲೆ ಕೆರೆದುಕೊಂಡು ಕೂತಿದ್ದೆ. 5 ಮತ್ತು 6ನೇ ಕೇಬಲ್ ಅದಲುಬದಲಾಗಿದ್ದವು. ಹಾಕಿದವನು ನಾನೇ.

ಇನ್ನೊಂದು ಸಣ್ಣ ಕಳ್ಳ: ಸೆಖೆ. ಏಪ್ರಿಲ್‌ನಲ್ಲಿ ಎಸಿ ಇಲ್ಲದ ಲ್ಯಾಬ್ 35 ಡಿಗ್ರಿ ಸೆಲ್ಸಿಯಸ್ ಇರಬಹುದು. ಅಲ್ಲಿ ಶಬ್ದದ ವೇಗ 343 ಅಲ್ಲ, ಸುಮಾರು 352. ಸಾಲಿನ ನೇರ ಮುಂದೆ ಕೂತವರಿಗೆ ಇದರಿಂದ ಏನೂ ಆಗೋದಿಲ್ಲ. ಪಕ್ಕಕ್ಕೆ 60 ಡಿಗ್ರಿಯಲ್ಲಿ ಕೂತವರು ಮಾತ್ರ 57.5 ಡಿಗ್ರಿಯಲ್ಲಿದ್ದಾರೆ ಅಂತ ಬರುತ್ತದೆ. ಒಂದು ಥರ್ಮಾಮೀಟರ್ ಇಟ್ಟುಕೊಂಡರೆ ಈ ತಪ್ಪು ಹೋಯಿತು.

ದೊಡ್ಡ ಕಳ್ಳ ಗೋಡೆ.

ನಿಮ್ಮ ಲ್ಯಾಬಿನಲ್ಲಿ ಸಿಮೆಂಟ್ ಗೋಡೆ, ಟೈಲ್ಸ್ ನೆಲ, ಗಾಜಿನ ಬೀರು ಇರಬಹುದು ಅಂದುಕೊಳ್ಳುತ್ತೇನೆ. ಮಾತಾಡುವವರ ದನಿ ನೇರವಾಗಿ ಒಮ್ಮೆ ಬರುತ್ತದೆ, ಗೋಡೆಗೆ ಬಡಿದು ಇನ್ನೊಮ್ಮೆ ಬರುತ್ತದೆ. ಈ ಎರಡನೆಯದು ಬೇರೆ ದಿಕ್ಕಿನಿಂದ ಬಂದರೂ ಬೇರೆ ದನಿ ಅಲ್ಲ, ಮೊದಲನೆಯದರದ್ದೇ ನಕಲು. ಮ್ಯೂಸಿಕ್ ಸೋಲುವುದು ಇಲ್ಲೇ. ಎರಡು ಮೂಲಗಳು ತಮ್ಮತಮ್ಮ ಪಾಡಿಗೆ ಏರಿಳಿದರೆ ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನಲ್ಲಿ (ಮೈಕ್‌ಗಳು ಜೋಡಿಜೋಡಿಯಾಗಿ ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಕೋಷ್ಟಕದಲ್ಲಿ) ಎರಡು ದೊಡ್ಡ ಐಗನ್ ಬೆಲೆ, ಅಂದರೆ ಮೂಲಕ್ಕೊಂದರಂತೆ ಎರಡು ದೊಡ್ಡ ಅಂಕಿ, ಕಾಣುತ್ತವೆ. ಒಂದು ಇನ್ನೊಂದರ ನಕಲಾದರೆ ಒಂದೇ ಕಾಣುತ್ತದೆ. ಅದಕ್ಕೆ ಸೇರಿದ ವೆಕ್ಟರ್ ಎರಡೂ ದಿಕ್ಕುಗಳ ಮಿಶ್ರಣ. ಅದು ಯಾವ ಒಂದು ದಿಕ್ಕಿಗೂ ಸರಿಹೊಂದುವುದಿಲ್ಲ. ಅಲ್ಗಾರಿದಮ್ ನಡುವೆ ಎಲ್ಲೋ ಒಂದು ಶಿಖರ ತೋರಿಸಿ ಕೈತೊಳೆದುಕೊಳ್ಳುತ್ತದೆ. ನೋಟವೇ 60 ಡಿಗ್ರಿ ಅಗಲ ಇರುವಾಗ 5–6 ಡಿಗ್ರಿ ವಾಲುವುದು ಏನೇನೂ ಅಚ್ಚರಿಯಲ್ಲ.

ನಕಲು ಎಷ್ಟು ತಡವಾಗಿ ಬಂದರೆ ಬೇರೆ ಅನ್ನಿಸೀತು? ನೀವು ಎಫ್‌ಎಫ್‌ಟಿಗೆ (ದನಿಯನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕಕ್ಕೆ) 32 ಮಿಲಿಸೆಕೆಂಡ್‌ನ ತುಂಡು ತೆಗೆದುಕೊಳ್ಳುತ್ತಿದ್ದರೆ, ಆ ಹೊತ್ತಿನಲ್ಲಿ ಶಬ್ದ 11 ಮೀಟರ್ ಓಡುತ್ತದೆ. 2 ಮೀಟರ್ ಆಚೆಯ ಗೋಡೆಯಿಂದ ಬರುವ ಪ್ರತಿಧ್ವನಿ ಹೆಚ್ಚೆಂದರೆ 4 ಮೀಟರ್ ಜಾಸ್ತಿ ಓಡಿರುತ್ತದೆ, 12 ಮಿಲಿಸೆಕೆಂಡ್ ತಡ. ಎರಡೂ ಒಂದೇ ತುಂಡಿನಲ್ಲಿ ಬೀಳುತ್ತವೆ. ಹಾಗಾಗಿ ನಕಲು ನಕಲಾಗಿಯೇ ಉಳಿಯುತ್ತದೆ.

ಇದಕ್ಕೆ ಪುಸ್ತಕದ ಮದ್ದು ಸ್ಪೇಷಿಯಲ್ ಸ್ಮೂದಿಂಗ್. ಸಾಲನ್ನು ಒಂದರ ಮೇಲೊಂದು ಹಾಯುವ ಸಣ್ಣ ಸಾಲುಗಳಾಗಿ ಒಡೆದು, ಅವುಗಳ ಮ್ಯಾಟ್ರಿಕ್ಸ್‌ಗಳ ಸರಾಸರಿ ತೆಗೆಯುವುದು. 8 ಮೈಕ್‌ನಲ್ಲಿ ಹೀಗೆ 4 ನಕಲುಗಳನ್ನು ಬಿಡಿಸಬಹುದು; ಹಿಂದುಮುಂದಾಗಿಯೂ ಸರಾಸರಿ ತೆಗೆದರೆ 5. ಆದರೆ ಉದ್ದ ಹೋಗುತ್ತದೆ. ನಿಮಗೆ ಮೊದಲೇ ಇಲ್ಲದ್ದೇ ಅದು, ಅಲ್ವಾ? ಜೊತೆಗೆ ಕೋಣೆಯಲ್ಲಿ ಬರುವ ಪ್ರತಿಧ್ವನಿಗಳು ನಾಲ್ಕೈದಲ್ಲ, ಹತ್ತಾರು. ನನಗೆ ಇದರ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಮಾಡಿ ನೋಡಿ, ಆದರೆ ಅದರ ಮೇಲೆ ಪ್ರಾಜೆಕ್ಟ್ ಕಟ್ಟಬೇಡಿ.

ಈಗ ಆ 20 ರೆಕಾರ್ಡಿಂಗ್‌ಗೆ ವಾಪಸ್ ಬನ್ನಿ. ಫ್ರೀಕ್ವೆನ್ಸಿ ಬಿನ್ (ಎಫ್‌ಎಫ್‌ಟಿ ಕೊಡುವ ಫ್ರೀಕ್ವೆನ್ಸಿಯ ಸಣ್ಣ ಪಟ್ಟಿ) ಒಂದೊಂದಕ್ಕೂ ಕೋನ ಬೇರೆಯಾಗಿ ತೆಗೆದು ಗ್ರಾಫ್ ಹಾಕಿ. ಒಂದು ಬಿನ್‌ನಲ್ಲಿ ಎಡಕ್ಕೆ 6, ಪಕ್ಕದ ಬಿನ್‌ನಲ್ಲಿ ಬಲಕ್ಕೆ 4 ಅಂತ ತೂಗಾಡುತ್ತಿದ್ದು, 20 ರೆಕಾರ್ಡಿಂಗ್‌ನಲ್ಲೂ ಅದೇ ತೂಗಾಟ ಮರುಕಳಿಸಿದರೆ ಅದು ಗೋಡೆ. ನೇರ ದನಿ ಮತ್ತು ನಕಲು ಒಂದು ಫ್ರೀಕ್ವೆನ್ಸಿಯಲ್ಲಿ ಕೂಡುತ್ತವೆ, ಇನ್ನೊಂದರಲ್ಲಿ ಕಳೆಯುತ್ತವೆ, ಅದಕ್ಕೇ ಹಾಗೆ. ತಪ್ಪು ಎಲ್ಲ ಬಿನ್‌ನಲ್ಲೂ ಒಂದೇ ಕಡೆಗೆ, ಸಾವಧಾನವಾಗಿ ಬದಲಾಗುತ್ತಿದ್ದರೆ ಮೈಕ್‌ಗಳ ಹೊಂದಾಣಿಕೆ, ಇಲ್ಲವೇ ಮೈಕ್ ಕೂತ ಜಾಗ, ಇಲ್ಲವೇ ಸೆಖೆ. ರೆಕಾರ್ಡಿಂಗ್‌ನಿಂದ ರೆಕಾರ್ಡಿಂಗ್‌ಗೆ ಬದಲಾದರೆ ಮಾತ್ರ ನಾಯ್ಸ್. ಆಗ ಬೌಂಡ್ ತೆಗೆದು ಹೋಲಿಸಿ. ಹೋಲಿಸುವಾಗ ಇನ್ನೊಂದು ಮಾತು: ಅರ್ಧರ್ಧ ಹಾಯುವ ತುಂಡುಗಳನ್ನು 200 ಅಂತ ಎಣಿಸಬೇಡಿ, ಅವು ಪೂರ್ತಿ ಬೇರೆಬೇರೆ ಅಲ್ಲ. ಮಾತಿನ ನಡುವಿನ ಮೌನದ ತುಂಡುಗಳನ್ನೂ ಎಣಿಸಬೇಡಿ.

ಗೋಡೆಯೇ ಅನ್ನುವುದು ಖಚಿತ ಆಗಬೇಕಾದರೆ ಸಾಮಾನೆಲ್ಲ ಎತ್ತಿಕೊಂಡು ಬೆಳಿಗ್ಗೆ ಆರಕ್ಕೆ ಕಾಲೇಜು ಗ್ರೌಂಡಿಗೆ ಹೋಗಿ. ಸಾಲಿನ ನೇರ ಮುಂದೆ, ಎರಡು ಮೂರು ಮೀಟರ್ ದೂರದಲ್ಲಿ ಒಂದು ಸ್ಪೀಕರ್ ಇಡಿ. ನೆಲದಿಂದ ಬರುವ ನಕಲು ಕೆಳಗಿನಿಂದ ಬಂದರೂ ಸಾಲಿಗೆ ಅದೇ ನೇರ ಮುಂದಿನ ಕೋನವನ್ನೇ ತೋರಿಸುತ್ತದೆ, ಹಾಗಾಗಿ ತೊಂದರೆ ಇಲ್ಲ. ಅಲ್ಲೂ ಕೋನ ತಪ್ಪಿದರೆ ಅದು ಮೈಕ್‌ಗಳದ್ದು. ಆ ತಪ್ಪನ್ನೇ ಬಳಸಿಕೊಂಡು ಒಂದೊಂದು ಮೈಕ್‌ನ ಫೇಸ್ ಮತ್ತು ಮಟ್ಟ ಎಷ್ಟು ಆಚೀಚೆ ಇದೆ ಅಂತ ಲೆಕ್ಕ ಹಾಕಿ, ಟೇಬಲ್ ಮಾಡಿ, ಕೋಡ್‌ನಲ್ಲಿ ಸೇರಿಸಿ. ರೇಡಿಯೋ ಟೆಲಿಸ್ಕೋಪಿನವರು ಮಾಡುವುದೂ ಇದನ್ನೇ. ಆಕಾಶದಲ್ಲಿ ಜಾಗ ಚೆನ್ನಾಗಿ ಗೊತ್ತಿರುವ ಒಂದು ಜೋರಾದ ಮೂಲವನ್ನು ನೋಡಿ, ತಮ್ಮ ಆಂಟೆನಾಗಳನ್ನು ಸರಿಹೊಂದಿಸಿಕೊಳ್ಳುತ್ತಾರೆ. ಸ್ಪೀಕರ್ ಸಾಲಿನಿಂದ ಎಷ್ಟು ದೂರ ಅನ್ನುವುದನ್ನು ಮಾತ್ರ ಟೇಪ್ ಹಿಡಿದು ಅಳೆಯಿರಿ.

ಲ್ಯಾಬಿನೊಳಗೆ ಮೊದಲು ಮಾಡಬೇಕಾದ್ದು ಫ್ರೀಕ್ವೆನ್ಸಿ ಬದಲಾಯಿಸುವುದು. 500–1500 ಬಿಟ್ಟು 2500–4000 ಹರ್ಟ್ಸ್‌ಗೆ ಹೋಗಿ. ಮಾತಿನ ಶಕ್ತಿ ಅಲ್ಲಿ ಕಡಿಮೆ, ನಿಜ. ಆದರೆ 3000 ಹರ್ಟ್ಸ್‌ನಲ್ಲಿ ನಿಮ್ಮ ನೋಟದ ಅಗಲ 20 ಡಿಗ್ರಿ ಚಿಲ್ಲರೆ. ನಿಮ್ಮ ಗೆಳತಿಯರಿಬ್ಬರ ನಡುವಿನ ಅಂತರದಷ್ಟೇ. ಆ 81 ಪಟ್ಟಿನ ಸಾಲ ಇಲ್ಲಿ ತೀರಿಹೋಗುತ್ತದೆ. ಶ, ಚ ಥರದ ಅಕ್ಷರಗಳು ಹೇರಳವಾಗಿರುವ ವಾಕ್ಯ ಓದಿಸಿದರೆ ಇನ್ನೂ ಒಳ್ಳೆಯದು. 4300 ದಾಟಬೇಡಿ. ದಾಟಿದರೆ ಪಕ್ಕದ ಮೈಕ್‌ಗಳ ನಡುವೆ ಅರ್ಧ ಅಲೆಗಿಂತ ಜಾಸ್ತಿ ಅಂತರ ಆಗಿ, ಇಲ್ಲದ ದಿಕ್ಕಿನಲ್ಲಿ ದೆವ್ವದ ಶಿಖರ ಏಳುತ್ತದೆ. ಮಾತು ಶುರುವಾಗುವ ಕ್ಷಣದ ಮೊದಲ 10 ಮಿಲಿಸೆಕೆಂಡ್ ಮಾತ್ರ ತೆಗೆದುಕೊಂಡು ನೋಡುವುದೂ ಒಳ್ಳೆಯದು, ಯಾಕೆಂದರೆ ದೂರದ ಗೋಡೆಯ ನಕಲು ಆಗಿನ್ನೂ ದಾರಿಯಲ್ಲಿರುತ್ತದೆ. ಮೈಕ್ ಇಟ್ಟ ಮೇಜು ಹತ್ತಿರದ್ದು, ಅದರ ಮೇಲೆ ದಪ್ಪ ಕಂಬಳಿ ಹಾಸಿ.

ಸಮಾನ ಅಂತರದ ಸಾಲು ಇರುವಷ್ಟು ಕಾಲ ಮ್ಯೂಸಿಕ್ ಬದಲು ರೂಟ್-ಮ್ಯೂಸಿಕ್ ಬಳಸಿ; ಅದು ಶಿಖರ ಹುಡುಕುವ ಬದಲು ಒಂದು ಪಾಲಿನಾಮಿಯಲ್‌ನ ರೂಟ್‌ಗಳಿಂದ ಕೋನ ತೆಗೆಯುತ್ತದೆ. ಭಾಸ್ಕರ್ ರಾವ್ ಮತ್ತು ಮುಂದೆ ಬೆಂಗಳೂರಿನ ಐಐಎಸ್‌ಸಿ ಸೇರಿದ ಕೆ.ವಿ.ಎಸ್. ಹರಿ 1989ರಲ್ಲೇ ಇದನ್ನು ಲೆಕ್ಕ ಮಾಡಿ ತೋರಿಸಿದ್ದಾರೆ. ಕೋನದ ಚದುರುವಿಕೆ ಎರಡರಲ್ಲೂ ಒಂದೇ. ಆದರೆ ಹತ್ತಿರದ ಇಬ್ಬರನ್ನು ಬಿಡಿಸುವುದರಲ್ಲಿ ರೂಟ್-ಮ್ಯೂಸಿಕ್ ಮುಂದು. ಪಾಲಿನಾಮಿಯಲ್‌ನ ರೂಟ್ ಏಕಮಾನ ವೃತ್ತದಿಂದ ಒಳಗೋ ಹೊರಗೋ ಸರಿದರೆ ಶಿಖರ ಚಪ್ಪಟೆಯಾಗಿ ಮಾಯವಾಗುತ್ತದೆ, ಆ ರೂಟ್‌ನ ಕೋನ ಮಾತ್ರ ಹಾಗೇ ಉಳಿದಿರುತ್ತದೆ.

16 ಮೈಕ್ ವಿಷಯಕ್ಕೆ ಬರೋಣ. ನಿಮ್ಮ ಗೈಡ್ ಹೇಳಿದ್ದು ತಪ್ಪಲ್ಲ. ಅದೇ 4 ಸೆಂ.ಮೀ. ಅಂತರದಲ್ಲಿ 16 ಹಾಕಿದರೆ ಸಾಲು ಎರಡರಷ್ಟು ಉದ್ದ ಆಗುತ್ತದೆ, ನೋಟದ ಅಗಲ ಅರ್ಧ ಆಗುತ್ತದೆ, ಬೌಂಡ್ 2.8 ಪಟ್ಟು ಇಳಿಯುತ್ತದೆ. ಮೈಕ್‌ಗಳ ಹೊಂದಾಣಿಕೆಯ ತಪ್ಪೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಅದೇ ಒಂದು ಅಡಿಯೊಳಗೆ 16 ತುರುಕಿದರೆ ಸಿಗುವುದು ಬರೀ 1.4 ಪಟ್ಟು. ಕೆಲಸ ಮಾಡಿದ್ದು ಉದ್ದ, ಸಂಖ್ಯೆ ಅಲ್ಲ. ಉದ್ದ ಬೇಕಾದರೆ ಇರುವ 8 ಮೈಕ್‌ಗಳನ್ನೇ ಹರಡಬಹುದಲ್ಲ? 0, 4, 8, 12, 16, 36, 56, 76 ಸೆಂ.ಮೀ. ಗುರುತುಗಳಲ್ಲಿ ಕೂರಿಸಿ. ಯಾವ ಎರಡನ್ನು ಹಿಡಿದರೆ ಎಷ್ಟು ಅಂತರ ಅಂತ ಬರೆಯುತ್ತಾ ಹೋಗಿ. 4ರಿಂದ 76ರವರೆಗೆ ನಾಲ್ಕರ ಎಲ್ಲ ಗುಣಕಗಳೂ ಸಿಗುತ್ತವೆ. 4 ಸೆಂ.ಮೀ. ಅಂತರ ಉಳಿದಿರುವುದರಿಂದ ದೆವ್ವದ ಶಿಖರದ ಕಾಟ ಇಲ್ಲ. ಇದಕ್ಕೆ ನೆಸ್ಟೆಡ್ ಅರೇ ಅನ್ನುತ್ತಾರೆ. ಪಿಯಾ ಪಾಲ್ ಮತ್ತು ಪಿ.ಪಿ. ವೈದ್ಯನಾಥನ್ 2010ರಲ್ಲಿ ಕೊಟ್ಟ ಜೋಡಣೆ. 1000 ಹರ್ಟ್ಸ್‌ನಲ್ಲೂ ನೋಟದ ಅಗಲ 26 ಡಿಗ್ರಿಗೆ ಬರುತ್ತದೆ. ಮೂಲಗಳು 8ಕ್ಕಿಂತ ಜಾಸ್ತಿ ಇದ್ದರೂ ಬಿಡಿಸಬಹುದು ಎಂದು ಪೇಪರ್‌ಗಳಲ್ಲಿ ಓದುತ್ತೀರಿ. ಅದು ಒಂದಕ್ಕೊಂದು ಸಂಬಂಧವಿಲ್ಲದ ಮೂಲಗಳಿಗೆ ಮಾತ್ರ. ನಕಲುಗಳು ತುಂಬಿದ ಕೋಣೆಯಲ್ಲಿ ಆ ಆಸೆ ಬೇಡ.

ಹರಡಿದಾಗ ಒಂದು ಹೊಸ ಕಿರಿಕಿರಿ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಲಿಗೆ ತಲುಪುವ ಅಲೆ ಚಪ್ಪಟೆ ಎಂದು ನೀವು ಅಂದುಕೊಂಡಿದ್ದೀರಿ. ಅದು ಸರಿಯಾಗಬೇಕಾದರೆ ಮಾತಾಡುವವರು ಸಾಕಷ್ಟು ದೂರ ಇರಬೇಕು: ಉದ್ದದ ವರ್ಗದ ಎರಡರಷ್ಟನ್ನು ಅಲೆಯ ಉದ್ದದಿಂದ ಭಾಗಿಸಿದಷ್ಟು. ಈಗಿನ ಸಾಲಿಗೆ (ಮೊದಲ ಮೈಕ್‌ನಿಂದ ಕೊನೆಯದಕ್ಕೆ 28 ಸೆಂ.ಮೀ.) 1000 ಹರ್ಟ್ಸ್‌ನಲ್ಲಿ ಅರ್ಧ ಮೀಟರ್ ಸಾಕಿತ್ತು. 76 ಸೆಂ.ಮೀ. ಸಾಲಿಗೆ 3.4 ಮೀಟರ್ ಬೇಕು. 3000 ಹರ್ಟ್ಸ್‌ನಲ್ಲಿ 10 ಮೀಟರ್ ದಾಟುತ್ತದೆ, ನಿಮ್ಮ ಲ್ಯಾಬೇ ಅಷ್ಟು ಉದ್ದ ಇರಲಿಕ್ಕಿಲ್ಲ. ಹಾಗಾಗಿ ಹರಡಿದ ಮೇಲೆ ಸ್ಟಿಯರಿಂಗ್ ವೆಕ್ಟರ್‌ನಲ್ಲಿ (ಒಂದೊಂದು ಮೈಕ್‌ನಲ್ಲಿ ಇರಬೇಕಾದ ಫೇಸ್‌ಗಳ ಪಟ್ಟಿಯಲ್ಲಿ) ಕೋನದ ಜೊತೆ ದೂರವನ್ನೂ ಸೇರಿಸಿ. ಪ್ರತಿ ಮೈಕ್‌ಗೆ ನಿಜವಾದ ದೂರ ಲೆಕ್ಕ ಹಾಕಿ ಫೇಸ್ ಕೊಟ್ಟರಾಯಿತು, ನಾಲ್ಕು ಸಾಲಿನ ಕೋಡ್. ಈ ಜೋಡಣೆಗೆ ರೂಟ್-ಮ್ಯೂಸಿಕ್ ನೇರವಾಗಿ ಹೊಂದುವುದಿಲ್ಲ, ಮಾಮೂಲಿ ಮ್ಯೂಸಿಕ್‌ಗೇ ವಾಪಸ್ ಬರಬೇಕು.

ಗ್ರೌಂಡಿಗೆ ಹೋಗುವ ದಿನ ಗಾಳಿ ಇದ್ದರೆ ಮೈಕ್‌ಗಳಿಗೆ ತೆಳು ಸ್ಪಂಜು ಕಟ್ಟಿ, ಎಂಟಕ್ಕೂ ಒಂದೇ ದಪ್ಪದ್ದು. 20 ರೆಕಾರ್ಡಿಂಗ್‌ನ ಬಿನ್‌ವಾರು ಗ್ರಾಫ್ ಬಂದ ಮೇಲೆ ಕಳಿಸಿ. ಅದನ್ನು ನೋಡಿ 16ರ ಮಾತು ಆಡೋಣ.